ವಾಲ್ಟಣ್ಣನ ಕಿಟಕಿಯ ಬಲೆ

ಒಡೆಯುವ ಮೊದಲು ಗಾಡಿಯಲ್ಲಿ ವೈಬ್ರೇಷನ್ ಇತ್ತಾ ಎಂದು ಟಯರ್ ಅಂಗಡಿಯ ಮಲಯಾಳಿ ಕೇಳಿದ. ಇರಲಿಲ್ಲ ಎಂದೆ. ಸ್ವಲ್ಪವೂ ಇರಲಿಲ್ಲವಾ, ನೆನಪು ಮಾಡಿ ನೋಡಿ ಎಂದ. ಇರಲಿಲ್ಲ, ಗಾಡಿ ಸರಿ ಇತ್ತು ಎಂದೆ. ಮಾತು ಸ್ವಲ್ಪ ಜೋರಾಯಿತೆಂದು ಕಾಣುತ್ತದೆ. ಆತ ಒಳಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು, “ಕೂತುಕೊಳ್ಳಿ ಚೇಚಿ, ಕೈ ನಡುಗುತ್ತಾ ಉಂಟು” ಎಂದ.

ದುಬೈಯಿಂದ ಅಬುಧಾಬಿಗೆ ಬರುವ ಹೆದ್ದಾರಿಯಲ್ಲಿ, ಘಂತೂತ್ ದಾಟಿದ ಮೇಲೆ, ನನ್ನ ಕಾರಿನ ಹಿಂದಿನ ಟಯರ್ ಒಡೆದಿತ್ತು. ಮೊದಲು ಶಬ್ದ ಕೇಳಿತು. ಆಮೇಲೆ ಕಾರಿನ ಹಿಂಭಾಗ ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ಬೀಸಿತು. ನಾನು ಬ್ರೇಕ್ ಒತ್ತಲಿಲ್ಲ. ಸ್ಟೇರಿಂಗನ್ನು ನೆಟ್ಟಗೆ ಹಿಡಿದು, ಕಾಲು ತೆಗೆದು, ವೇಗ ತಾನಾಗಿ ಇಳಿಯಲು ಬಿಟ್ಟು, ಅಂಚಿಗೆ ತಂದು ನಿಲ್ಲಿಸಿದೆ. ಹಿಂದಿನಿಂದ ಬಂದ ಟ್ರೇಲರ್ ಹಾರ್ನ್ ಹೊಡೆಯುತ್ತ ಪಕ್ಕದಲ್ಲೇ ಹಾದು ಹೋದಾಗ ನಿಂತ ಕಾರು ಅಲುಗಿತು. ರಿಕವರಿ ಗಾಡಿಯವನು ನಮ್ಮ ಮನೆಯ ಹತ್ತಿರ, ಖಾಲಿದಿಯಾದ ಈ ಅಂಗಡಿಗೆ ತಂದುಬಿಟ್ಟ.

ಆತ ಒಡೆದ ಟಯರನ್ನು ಬಿಚ್ಚಿ ನನ್ನ ಮುಂದೆಯೇ ನೆಲಕ್ಕೆ ಹಾಕಿದ. ಸುಟ್ಟ ರಬ್ಬರಿನ ವಾಸನೆ ಬಂತು. ಬ್ಯಾಗಿನಲ್ಲಿ ಫೋನ್ ಎರಡು ಸಲ ಹೊಡೆದು ನಿಂತಿತ್ತು. ಮಗಳೇ ಇರಬೇಕು. ಧ್ವನಿ ಸರಿಯಾದ ಮೇಲೆ ಎತ್ತೋಣ ಎಂದು ಸುಮ್ಮನಿದ್ದೆ. ಆ ವಾಸನೆ, ವೈಬ್ರೇಷನ್ ಎಂಬ ಆ ಮಾತು ಒಟ್ಟಿಗೇ ಬಂದದ್ದರಿಂದ ನನಗೆ ವಾಲ್ಟಣ್ಣ ನೆನಪಾದರು. ಟಯರ್ ಒಡೆದರೆ ಬ್ರೇಕ್ ಮುಟ್ಟಬಾರದೆಂದು ಹೇಳಿಕೊಟ್ಟವರೂ ಅವರೇ.

ವಾಲ್ಟ್ ಹೆಂಡ್ರಿ ಅಮೆರಿಕದವರು, ಕಾರ್ ರೇಸಿನ ಡ್ರೈವರ್. ಅವರ ಹೆಸರು ಯಾರಿಗೂ ಗೊತ್ತಿರಲಿಕ್ಕಿಲ್ಲ. ಅಮೆರಿಕದಲ್ಲೂ ಗೊತ್ತಿಲ್ಲ ಎಂದು ಅವರೇ ಹೇಳುತ್ತಿದ್ದರು. ನನಗೆ ಅವರ ಪರಿಚಯ ಒಂದೇ ಒಂದು ಚಳಿಗಾಲದ್ದು. ೨೦೧೩ರ ಕೊನೆಗೆ ಶುರುವಾಗಿ ಮರುವರ್ಷ ಬಿಸಿಲೇರುವ ಹೊತ್ತಿಗೆ ಮುಗಿದದ್ದು.

ಆಗ ನಾನು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಸುತ್ತಲಿನ ಕಾರ್ಖಾನೆಗಳಲ್ಲಿ ಬೆರಳು ಜಜ್ಜಿಕೊಂಡವರು, ಬಿಸಿಲಿಗೆ ತಲೆ ತಿರುಗಿದವರು ನಮ್ಮಲ್ಲಿಗೆ ಬರುತ್ತಿದ್ದರು. ಗಂಡ ಮತ್ತು ಮಗಳು ಇದ್ದದ್ದು ಅಬುಧಾಬಿಯ ಖಾಲಿದಿಯಾದಲ್ಲಿ. ಅಬುಧಾಬಿಯ ಆಸ್ಪತ್ರೆಗಳಲ್ಲಿ ಕೆಲಸ ಮಾಡಬೇಕಾದರೆ ಬೇರೆಯೇ ಲೈಸೆನ್ಸ್ ಪರೀಕ್ಷೆ. ಅದು ಪಾಸಾಗುವವರೆಗೆ ನಾನು ದುಬೈಯಲ್ಲೇ, ಓಣಿಗಳಿಗೆಲ್ಲ ದೇಶಗಳ ಹೆಸರಿಟ್ಟ ಇಂಟರ್‌ನ್ಯಾಷನಲ್ ಸಿಟಿಯ ಫ್ರಾನ್ಸ್ ಕ್ಲಸ್ಟರಿನಲ್ಲಿ ಇನ್ನಿಬ್ಬರು ನರ್ಸುಗಳ ಜೊತೆ ಒಂದು ಕೋಣೆಯಲ್ಲಿದ್ದೆ. ಗುರುವಾರ ಸಂಜೆ ಬಸ್ ಹಿಡಿದು ಮನೆಗೆ ಹೋಗುವುದು, ರಜೆಯ ಶುಕ್ರವಾರ ಇಗರ್ಜಿಯ ಪೂಜೆ ಮುಗಿಸಿ ಮಗಳಿಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸುವುದು, ಇಷ್ಟಕ್ಕಾಗಿ ಇಡೀ ವಾರ ಕಾಯುತ್ತಿದ್ದೆ. ಆ ವರ್ಷ ಅದಕ್ಕೂ ಕಲ್ಲು ಬಿತ್ತು. ಊರ ಹೊರಗಿನ ರೇಸ್ ಟ್ರ್ಯಾಕಿಗೆ ಚಳಿಗಾಲ ಪೂರ್ತಿ ಪ್ರತಿ ಶುಕ್ರವಾರ ಆಂಬುಲೆನ್ಸ್, ಡಾಕ್ಟರ್, ನರ್ಸ್ ಕಳಿಸಲು ನಮ್ಮ ಕ್ಲಿನಿಕ್ ಒಪ್ಪಿಕೊಂಡಿತು. ನರ್ಸ್ ಎಂದರೆ ನಾನೇ ಎಂದಾಯಿತು.

ಆ ಕೆಲಸ ಎಂಥದ್ದೆಂದು ಹೇಳಿದರೆ ಸುಲಭದ್ದೆಂದು ಅನಿಸಬಹುದು. ಸುಮ್ಮನೆ ಕೂತಿರುವುದು. ಆದರೆ ರೇಸ್ ನಡೆಯುವಷ್ಟು ಹೊತ್ತೂ ಆಂಬುಲೆನ್ಸಿನ ಎಂಜಿನ್ ಆರಿಸುವಂತಿಲ್ಲ, ಬೆಲ್ಟ್ ಬಿಚ್ಚುವಂತಿಲ್ಲ. ಕಂಟ್ರೋಲ್ ರೂಮಿನಿಂದ ರೇಡಿಯೋದಲ್ಲಿ ಅಪ್ಪಣೆ ಬಂದರೆ ಆ ಕ್ಷಣ ಹೊರಡಬೇಕು. ಬಾರದಿದ್ದರೆ ಕಣ್ಣೆದುರಿಗೆ ಏನೇ ಆದರೂ ಅಲುಗಬಾರದು. ಗಾಜಿನ ಆಚೆ ಕಾರುಗಳು ಸುತ್ತು ಹೊಡೆಯುತ್ತಲೇ ಇರುತ್ತವೆ. ಶಬ್ದ ದೂರ ಹೋಗುತ್ತದೆ, ಮತ್ತೆ ಬರುತ್ತದೆ. ಹೊರಡಲು ಸಿದ್ಧವಾಗಿ, ಹೊರಡದೆ ಕೂತಿರುವುದು ದೇಹಕ್ಕೆ ಒಗ್ಗುವುದಿಲ್ಲ. ಪರೀಕ್ಷೆಯ ಪುಸ್ತಕ ತೊಡೆಯ ಮೇಲೆ ತೆರೆದಿಟ್ಟುಕೊಂಡು ಒಂದೇ ಪುಟವನ್ನು ನೋಡುತ್ತಿದ್ದೆ.

“ಎಂತ ಬಾಯಮ್ಮ, ಬೆಳಿಗ್ಗೆಯಿಂದ ಅದೇ ಪೇಜಾ?” ಎಂದು ಸುಧಾಕರಣ್ಣ ಕೆಣಕುವರು.

ಸುಧಾಕರಣ್ಣ ಆಂಬುಲೆನ್ಸ್ ಡ್ರೈವರ್, ಕಾರ್ಕಳದವರು. ಊರಿನಲ್ಲಿ ಉಡುಪಿ-ಮಂಗಳೂರು ಎಕ್ಸ್‌ಪ್ರೆಸ್ ಬಸ್ ಓಡಿಸಿದವರು. ನಾನು ಕ್ರಿಶ್ಚಿಯನ್ನಳಾದ್ದರಿಂದ ನಮ್ಮ ಕಡೆಯ ರೂಢಿಯಂತೆ ಬಾಯಮ್ಮ ಎಂದೇ ಕರೆಯುತ್ತಿದ್ದರು.

“ಓದಲಿಕ್ಕೆ ನೀವು ಬಿಡಬೇಕಲ್ಲ.”

“ನಾನಲ್ಲ, ನಿಮ್ಮ ಕಾಲು ಬಿಡುವುದಿಲ್ಲ. ಹೊಲಿಗೆ ಮಿಷನ್ ಮೆಟ್ಟಿದ ಹಾಗೆ ಆಗದಿಂದ ಕುಟ್ಟುತ್ತಾ ಉಂಟು. ಯಾರ ರವಿಕೆ ಅದು?”

ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದ ಈಜಿಪ್ಟಿನ ಡಾಕ್ಟರಿಗೆ ನಮ್ಮ ಮಾತು ಅರ್ಥವಾಗುತ್ತಿರಲಿಲ್ಲ. ನಡುವೆ ಮಗಳ ಫೋನ್. ಮನೆಯಲ್ಲಿ ನಾವು ಕೊಂಕಣಿಯವರು, ಅವಳ ಉತ್ತರ ಮಾತ್ರ ಇಂಗ್ಲಿಷಿನಲ್ಲಿ. “ಮಮ್ಮಾ, ವೇರ್ ಆರ್ ಯು?” “ಬಸ್ ಹತ್ತಿದೆ ಮಗಾ, ಈಗ ಬಂದೆ” ಎನ್ನುತ್ತಿದ್ದೆ. ಬಸ್ ಹತ್ತಲು ಇನ್ನೂ ಎರಡು ರೇಸ್ ಬಾಕಿ ಇರುತ್ತಿತ್ತು. ಫೋನ್ ಇಟ್ಟ ಕೂಡಲೇ ಸುಧಾಕರಣ್ಣ ಕಂಡಕ್ಟರನ ಧ್ವನಿ ಮಾಡಿ, “ಈ ಬಸ್ ಯಾವಾಗ ಬಿಡುವುದು ಬಾಯಮ್ಮ? ರೈಟ್ ಪೋಯಿ ಹೇಳಲಾ?” ಎನ್ನುವರು.

ವಾಲ್ಟಣ್ಣ ನಮ್ಮ ಜೊತೆ ಸೇರಿದ್ದು ರೇಸಿನ ಕಾರಣಕ್ಕಲ್ಲ, ಕಾರ್ ಲಿಫ್ಟಿನ ಕಾರಣಕ್ಕೆ. ಸುಧಾಕರಣ್ಣನ ಹತ್ತಿರ ಒಂದು ಹಳೆಯ ಕೊರೊಲ್ಲಾ ಇತ್ತು. ಇಂಟರ್‌ನ್ಯಾಷನಲ್ ಸಿಟಿಯಿಂದ ತಿಂಗಳಿಗಿಷ್ಟು ಎಂದು ತೆಗೆದುಕೊಂಡು ದಿನವೂ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಟ್ರ್ಯಾಕಿನಲ್ಲಿ ಕೆಲಸ ಮಾಡುವ ಒಬ್ಬ ಬಿಳಿಯರಿಗೂ ಲಿಫ್ಟ್ ಬೇಕಂತೆ ಎಂದು ಒಂದು ದಿನ ಹೇಳಿದರು. ಅವರ ಮನೆ ರಷ್ಯಾ ಕ್ಲಸ್ಟರಿನಲ್ಲಿ. “ಅಮೆರಿಕದವರು ರಷ್ಯಾದಲ್ಲಿ ಬಾಡಿಗೆಗೆ ಇರುವುದು ನೋಡಿ. ಎರಡು ಸರಕಾರಗಳಿಗೂ ಗೊತ್ತಾಗಬಾರದು, ಅಷ್ಟೆ” ಎಂದರು.

ಅರುವತ್ತರ ಹತ್ತಿರದ ಎತ್ತರದ ಮನುಷ್ಯ. ಬಿಸಿಲಿಗೆ ಕೆಂಪಾದ ಕುತ್ತಿಗೆ, ಕೈಯಲ್ಲಿ ಯಾವಾಗಲೂ ಉಪ್ಪು ಹಾಕಿದ ನೆಲಗಡಲೆಯ ಪೊಟ್ಟಣ. ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಚಿ ಕೂತು, ಎಮಿರೇಟ್ಸ್ ರೋಡಿನ ಪ್ರತಿ ಲಾರಿ ಹತ್ತಿರವಾದಾಗಲೂ ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಿದ್ದರು. ನನ್ನ ಸೀಟಿನ ಬೆನ್ನಿಗೆ ಅದು ತಾಗುತ್ತಿತ್ತು. ಸುಧಾಕರಣ್ಣ ಅವರ ಬಾಯಲ್ಲಿ ಸೂಡ್ ಆಗಿದ್ದರು.

“ಸೂಡ್, ಆ ಲಾರಿಗೆ ಸ್ವಲ್ಪ ಜಾಗ ಕೊಡಬಹುದು.”

“ಕೊಟ್ಟರೆ ಅವನು ನುಗ್ಗುತ್ತಾನೆ ವಾಲ್ಟಣ್ಣ. ನೀವು ರೇಸಿನವರಲ್ಲವಾ, ಹೆದರುವುದೆಂತ?”

“ರೇಸಿನಲ್ಲಿ ಎಲ್ಲರಿಗೂ ಓಡಿಸಲು ಬರುತ್ತದೆ. ಇಲ್ಲಿ ಯಾರಿಗೆ ಬರುತ್ತದೆ ಎಂದು ನನಗೆ ಗೊತ್ತಿಲ್ಲ.”

ಸುಧಾಕರಣ್ಣನ ಇಂಗ್ಲಿಷ್ ಅರ್ಧ ಹಿಂದಿ, ಅರ್ಧ ಕೈಸನ್ನೆ. ಆದರೂ ಇಬ್ಬರಿಗೂ ಮಾತು ನಿಲ್ಲುತ್ತಿರಲಿಲ್ಲ. ಅಣ್ಣ ಎನ್ನುವುದನ್ನು ತಮ್ಮ ಹೆಸರಿನ ಬಾಲವೆಂದು ವಾಲ್ಟಣ್ಣ ಒಪ್ಪಿಕೊಂಡಿದ್ದರು. ನನ್ನನ್ನೂ ಬಾಯಮ್ಮ ಎಂದೇ ಕರೆಯತೊಡಗಿದರು.

ಟ್ರ್ಯಾಕಿನ ಒಂದು ಕಂಪನಿ ಅಮೆರಿಕದಿಂದ ಎರಡು ಹಳೆಯ ರೇಸ್ ಕಾರುಗಳನ್ನು ತರಿಸಿ, ದುಡ್ಡು ಕೊಟ್ಟವರನ್ನು ಅದರಲ್ಲಿ ಕೂರಿಸಿ ಸುತ್ತಿಸುತ್ತಿತ್ತು. ಸುತ್ತಿಸುವವರು ವಾಲ್ಟಣ್ಣ. ಒಂದು ಶುಕ್ರವಾರ ಊಟದ ಹೊತ್ತಿಗೆ ನಮಗೆ ಆ ಕಾರು ತೋರಿಸಿದರು. ಹೊರಗಿನಿಂದ ನೋಡಿದರೆ ದೊಡ್ಡ ಮಾಮೂಲಿ ಕಾರು. ಒಳಗೆ ಕಬ್ಬಿಣದ ಪೈಪುಗಳ ಗೂಡು, ಒಂದೇ ಸೀಟಿನ ಪಕ್ಕದಲ್ಲಿ ಆಮೇಲೆ ಕೂರಿಸಿದ ಇನ್ನೊಂದು ಸೀಟು. ಬಾಗಿಲು ಬಾಗಿಲಲ್ಲ, ಬರೀ ಬಣ್ಣ ಬಳಿದ ತಗಡು, ತೆರೆಯುವುದಿಲ್ಲ. ಡ್ರೈವರ್ ಎಡಗಡೆಯ ಕಿಟಕಿಯಿಂದಲೇ ತೂರಿ ಒಳಗೆ ಹೋಗಬೇಕು, ಕಿಟಕಿಯಿಂದಲೇ ಹೊರಗೆ ಬರಬೇಕು. ಆ ಕಿಟಕಿಗೆ ಗಾಜಿಲ್ಲ. ದಪ್ಪ ಪಟ್ಟಿಗಳಲ್ಲಿ ಹೆಣೆದ ಒಂದು ಕಪ್ಪು ಬಲೆ, ಮೇಲೆ ಒಂದು ಕೊಂಡಿ. ಅಪಘಾತದಲ್ಲಿ ಕೈ ಹೊರಗೆ ಬೀಳದಿರಲಿ ಎಂದು.

ಅವರ ದೇಶದಲ್ಲಿ ಈ ಕಾರುಗಳು ಓಡುವುದು ಬಹುಪಾಲು ಬೋಗುಣಿಯಂಥ ದುಂಡನೆಯ ಟ್ರ್ಯಾಕಿನಲ್ಲಿ. ಎಡಕ್ಕೆ ಮಾತ್ರ ತಿರುಗುವುದು.

“ಎಡಕ್ಕೆ ಮಾತ್ರವಾ? ಬಲಕ್ಕೆ ಇಲ್ಲವೇ ಇಲ್ಲವಾ? ಹಾಗಾದರೆ ಲೈಸೆನ್ಸ್ ಯಾಕೆ ಮಾರಾಯ್ರೆ? ನಮ್ಮ ಪಡುಬಿದ್ರಿಯ ಪೇಟೆಯಲ್ಲಿ ಒಂದು ಸಲ ಬಸ್ ತಿರುಗಿಸಿ ತೋರಿಸಲಿ.”

ನಾನು ಅನುವಾದ ಮಾಡಿದೆ. ವಾಲ್ಟಣ್ಣ ತಲೆಯಾಡಿಸಿ, ಸೂಡ್ ಹೇಳುವುದು ಸರಿ ಎಂದರು.

ಅವರ ಕತೆ ಒಂದೇ ದಿನ ಗೊತ್ತಾದದ್ದಲ್ಲ. ದಿನಕ್ಕಿಷ್ಟು ಎಂದು ಬಂತು, ಬಹುಪಾಲು ಬೆಳಗಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ. ಹತ್ತಿ ಗಿರಣಿಯ ಒಂದು ಸಣ್ಣ ಊರು. ಮಣ್ಣಿನ ಟ್ರ್ಯಾಕಿನಲ್ಲಿ ಶನಿವಾರದ ರೇಸುಗಳು, ಅಲ್ಲಿ ಕೆಲವು ಗೆಲುವುಗಳು. ಆಮೇಲೆ ಟಿವಿಯಲ್ಲಿ ತೋರಿಸುವ ದೊಡ್ಡ ರೇಸಿಗೆ ಕರೆ ಬಂತು. ಊರಿಗೆ ಊರೇ ಹೆಮ್ಮೆಪಟ್ಟಿತು. ಆದರೆ ಕರೆದ ತಂಡ ಬಡ ತಂಡ. ಪೂರ್ತಿ ರೇಸಿಗೆ ಬೇಕಾದಷ್ಟು ಟಯರ್ ಕೊಳ್ಳಲು ಅವರಲ್ಲಿ ದುಡ್ಡಿಲ್ಲ. ಕೊನೆಯ ಸ್ಥಾನಕ್ಕೂ ಒಂದಿಷ್ಟು ಹಣ ಸಿಗುತ್ತದೆ, ಆ ಹಣವೇ ಅವರ ವ್ಯಾಪಾರ. ಹೊರಡುವುದು, ಕೆಲವು ಸುತ್ತು ಓಡಿಸುವುದು, ಟ್ರ್ಯಾಕ್ ಬಿಟ್ಟು ರಿಪೇರಿಯ ಜಾಗಕ್ಕೆ, ಒಳಗೆ ತಂದು ನಿಲ್ಲಿಸುವುದು. ಟಯರ್ ಸವೆಯುವುದಿಲ್ಲ, ಕಾರು ಮುಂದಿನ ವಾರಕ್ಕೆ ಹಾಗೆಯೇ ಉಳಿಯುತ್ತದೆ.

“ಆದರೆ ಒಂದು ಕಾರಣ ಕೊಡಬೇಕಿತ್ತು” ಎಂದರು ವಾಲ್ಟಣ್ಣ. “ಸುಮ್ಮನೆ ನಿಲ್ಲಿಸಿದೆ ಎನ್ನುವಂತಿಲ್ಲ. ಬ್ರೇಕ್, ಎಂಜಿನ್ ಬಿಸಿ, ಏನಾದರೂ. ನಾನು ಹೆಚ್ಚಾಗಿ ವೈಬ್ರೇಷನ್ ಎನ್ನುತ್ತಿದ್ದೆ. ನಡುಕವನ್ನು ಯಾರೂ ಬಿಚ್ಚಿ ನೋಡಲಾರರು.”

ಎಷ್ಟೋ ವರ್ಷ ಹಾಗೆಯೇ ನಡೆಯಿತು. ದೊಡ್ಡ ರೇಸಿನಲ್ಲಿ ಒಂದು ಸಲವೂ ಕೊನೆಯ ಕಪ್ಪು-ಬಿಳಿ ಚೌಕುಳಿ ಬಾವುಟದವರೆಗೆ ಅವರು ಓಡಿಸಲಿಲ್ಲ. ಓಡಿಸಲು ಯಾರೂ ಬಿಡಲಿಲ್ಲ. ಊರಿನಲ್ಲಿ ಅವರ ತಾಯಿ ಟಿವಿಯ ಮುಂದೆ ಕೂತಿರುತ್ತಿದ್ದರು. ಸಂಜೆ ಫೋನ್ ಮಾಡಿ, ಇವತ್ತು ಗಾಡಿಗೆ ಏನಾಯಿತೋ ಎಂದು ಕೇಳುವರು. ವೈಬ್ರೇಷನ್ ಅಮ್ಮಾ ಎಂದು ಇವರು ಹೇಳುವರು. ಮಗನಿಗೆ ಒಳ್ಳೆಯ ಗಾಡಿಯೇ ಸಿಗಲಿಲ್ಲ ಎಂದು ನಂಬಿಕೊಂಡೇ ಆ ತಾಯಿ ತೀರಿಹೋದರು.

ಆ ಮಾತು ಹೇಳಿದ ದಿನವೇ ಅವರು ಬಲೆಯ ವಿಷಯ ತೆಗೆದರು. ಕಾರು ಗೋಡೆಗೆ ಹೊಡೆದು ನಿಂತರೆ ಡ್ರೈವರ್ ಮೊದಲು ಮಾಡುವ ಕೆಲಸ ಕಿಟಕಿಯ ಬಲೆಯ ಕೊಂಡಿ ತೆಗೆದು ಅದನ್ನು ಕೆಳಗೆ ಬಿಡುವುದು. ನನಗೆ ಏನೂ ಆಗಿಲ್ಲ ಎಂದು ಅದರ ಅರ್ಥ. ಬಲೆ ಇಳಿದರೆ ಆಂಬುಲೆನ್ಸಿನವರು ನಿಧಾನ ಮಾಡುತ್ತಾರೆ. ಇಳಿಯದಿದ್ದರೆ ಓಡುತ್ತಾರೆ.

“ನನ್ನ ತಾಯಿ ರೇಸನ್ನು ನೋಡುತ್ತಿರಲಿಲ್ಲ ಬಾಯಮ್ಮ. ಬಲೆಯನ್ನು ನೋಡುತ್ತಿದ್ದಳು.”

ಇನ್ನೂ ಒಂದು ಪಾಠ ಹೇಳಿದ್ದರು. ಎದುರಿನ ಕಾರು ಗಿರ್ರನೆ ತಿರುಗತೊಡಗಿದರೆ ಅದರಿಂದ ತಪ್ಪಿಸಿಕೊಳ್ಳಲು ಹೋಗಬಾರದು. ಅದು ಎಲ್ಲಿದೆಯೋ ಅಲ್ಲಿಗೇ ನೇರ ಗುರಿ ಇಡಬೇಕು. ನೀವು ಅಲ್ಲಿಗೆ ತಲುಪುವಾಗ ಅದು ಅಲ್ಲಿರುವುದಿಲ್ಲ, ಬೋಗುಣಿಯ ಇಳಿಜಾರಿನಲ್ಲಿ ಜಾರಿ ಹೋಗಿರುತ್ತದೆ. ಇದನ್ನು ಕೇಳಿ ಸುಧಾಕರಣ್ಣ, “ನಮ್ಮ ರಿಕ್ಷಾದವರ ಹತ್ತಿರ ಇದು ನಡೆಯುವುದಿಲ್ಲ” ಎಂದಿದ್ದರು.

ಜನವರಿ ಹೋಯಿತು. ಮರಳುಗಾಳಿ ಶುರುವಾಯಿತು. ಆಂಬುಲೆನ್ಸಿನ ಗಾಜಿನ ಮೇಲೆ ಹಿಟ್ಟಿನಂಥ ಧೂಳು ಕೂರುತ್ತಿತ್ತು. ಒರೆಸಿದರೆ ಮತ್ತೆ ಕೂರುತ್ತಿತ್ತು. ನಾನು ಪರೀಕ್ಷೆಗೆ ಹೆಸರು ಕೊಟ್ಟೆ. ಒಂದು ಬೆಳಿಗ್ಗೆ ವಾಲ್ಟಣ್ಣ ನೆಲಗಡಲೆಯ ಪೊಟ್ಟಣವನ್ನು ತೆರೆಯದೆ ಕೈಯಲ್ಲೇ ಹಿಡಿದುಕೊಂಡು ಕೂತಿದ್ದರು. ಕಂಪನಿ ಎರಡೂ ಕಾರುಗಳನ್ನು ಮಾರುತ್ತಿದೆ ಎಂದರು. ಅಬುಧಾಬಿಯ ಒಬ್ಬರು ಶ್ರೀಮಂತರು ಕೊಳ್ಳುವವರು. ಕಾರು ಹೋದ ಮೇಲೆ ಡ್ರೈವರಿಗೆ ಕೆಲಸವಿಲ್ಲ, ವೀಸಾ ಕ್ಯಾನ್ಸಲ್. ಅದಕ್ಕೆ ಮೊದಲು ಟ್ರ್ಯಾಕಿನ ಆ ಚಳಿಗಾಲದ ಕೊನೆಯ ರೇಸಿನಲ್ಲಿ ಒಂದು ಕಾರನ್ನು ಇಳಿಸಲು ಕಂಪನಿಯ ಮ್ಯಾನೇಜರ್ ಫಾದಿ ಒಪ್ಪಿದ್ದ.

“ಅಂತೂ ರೇಸ್ ಸಿಕ್ಕಿತಲ್ಲ!” ಎಂದರು ಸುಧಾಕರಣ್ಣ.

“ಕೆಲವು ಸುತ್ತು. ಜನ ನೋಡಲಿ, ಶಬ್ದ ಕೇಳಲಿ. ಆಮೇಲೆ ಒಳಗೆ ತಾ, ಕಾರಿಗೆ ಗೀರೂ ಬೀಳಬಾರದು ಎಂದಿದ್ದಾನೆ.”

ನನಗೆ ಕೂಡಲೇ ಅರ್ಥವಾಯಿತು. “ಕೇಳಿದರೆ ಏನು ಕಾರಣ ಹೇಳುತ್ತೀರಿ?” ಎಂದೆ.

“ವೈಬ್ರೇಷನ್” ಎಂದು ನಕ್ಕರು. ಆದರೆ ಕಣ್ಣು ಕಿಟಕಿಯ ಹೊರಗಿತ್ತು.

“ಒಂದು ವೇಳೆ ಒಳಗೆ ಬಾರದಿದ್ದರೆ ಎಂತ ಮಾಡುತ್ತಾರೆ?” ಎಂದು ಸುಧಾಕರಣ್ಣ ಕೇಳಿದರು.

“ಕೆಲಸ ಬಿಡುವಾಗ ಕೊಡಬೇಕಾದ್ದನ್ನು ಕೊಡುವುದಿಲ್ಲ. ಊರಿಗೆ ಹೋಗುವ ಟಿಕೆಟ್ಟೂ ಇಲ್ಲ. ಊರಿನಲ್ಲಿ ನನಗೆ ಬೇರೆ ಏನೂ ಇಲ್ಲ ಸೂಡ್.”

“ಹಾಗಾದರೆ ಸುಮ್ಮನೆ ಒಳಗೆ ಬನ್ನಿ ಮಾರಾಯ್ರೆ. ಇಷ್ಟು ವರ್ಷ ಬಂದವರು ಇನ್ನೊಂದು ಸಲ ಬಂದರೆ ಎಂತ?”

ವಾಲ್ಟಣ್ಣ ಪೊಟ್ಟಣವನ್ನು ಹಾಗೆಯೇ ಜೇಬಿಗೆ ಹಾಕಿದರು. ಆ ದಿನ ಲಾರಿಗಳು ಬಂದಾಗ ನನ್ನ ಸೀಟಿನ ಬೆನ್ನಿಗೆ ಅವರ ಕಾಲೂ ತಾಗಲಿಲ್ಲ.

ಆ ಶುಕ್ರವಾರ ಗಾಳಿ ಬೆಳಗಿನಿಂದಲೇ ಬೀಸುತ್ತಿತ್ತು. ಆಕಾಶ ಚಹಾದ ಬಣ್ಣಕ್ಕೆ ತಿರುಗಿತ್ತು. ಟ್ರ್ಯಾಕಿನ ಅಂಚಿನಲ್ಲಿ ಮರಳು ಹಾವಿನಂತೆ ಹರಿದು ಬರುತ್ತಿತ್ತು, ಹುಡುಗರು ಗುಡಿಸಿದಷ್ಟೂ ಬರುತ್ತಿತ್ತು. ಮಧ್ಯಾಹ್ನ ರೇಸ್ ಶುರುವಾಯಿತು. ನಮ್ಮ ಆಂಬುಲೆನ್ಸ್ ನಿಂತದ್ದು ಕೊನೆಯ ತಿರುವಿನ ಹತ್ತಿರ, ಕಾರುಗಳು ಒಳಗೆ ಬರುವ ದಾರಿ ಕಾಣುವ ಕಡೆ. ಫಾದಿ ಗೋಡೆಯ ಬಳಿ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದ.

ವಾಲ್ಟಣ್ಣನ ಕಾರಿನ ಶಬ್ದ ಬೇರೆ. ಉಳಿದ ಕಾರುಗಳು ಕೂಗಿದರೆ ಅದು ಗುಡುಗುತ್ತಿತ್ತು, ಎದೆಗೂಡಿಗೆ ತಾಗುತ್ತಿತ್ತು. ತಿರುವುಗಳಲ್ಲಿ ಅದು ಭಾರ, ನೇರ ದಾರಿಯಲ್ಲಿ ಯಾರಿಗೂ ಸಿಗುತ್ತಿರಲಿಲ್ಲ. ಕೆಲವು ಸುತ್ತು ಆಯಿತು. ಫಾದಿ ಕೈ ಎತ್ತಿ ಒಳಗೆ ಬಾ ಎಂದು ಸನ್ನೆ ಮಾಡಿದ.

“ಈಗ ಬರುತ್ತಾರೆ” ಎಂದರು ಸುಧಾಕರಣ್ಣ.

ಬರಲಿಲ್ಲ. ಕಾರು ಒಳದಾರಿಯ ಬಾಯಿಯನ್ನು ದಾಟಿ ನೇರ ಹೋಯಿತು.

“ಕಾಣಲಿಲ್ಲವೋ ಏನೋ ಧೂಳಿನಲ್ಲಿ. ಈ ಸಲ ಬರುತ್ತಾರೆ.”

ಫಾದಿ ಎರಡೂ ಕೈ ಬೀಸಿದ. ಕಾರು ಮತ್ತೆ ನೇರ ಹೋಯಿತು. ಮುಂದಿನ ಸುತ್ತಿನಲ್ಲಿ ಅವನು ಗೋಡೆಯ ಮೇಲೆ ಹತ್ತಿ ನಿಂತಿದ್ದ. ಕಾಣದಿರುವ ಮಾತೇ ಇರಲಿಲ್ಲ. ಸುಧಾಕರಣ್ಣ ಸ್ಟೇರಿಂಗಿನ ಮೇಲೆ ಬಗ್ಗಿ, ತಮ್ಮಷ್ಟಕ್ಕೆ, “ಬರಬೇಡಿ ಮಾರಾಯ್ರೆ. ಬರಬೇಡಿ” ಎನ್ನತೊಡಗಿದರು. ಡಾಕ್ಟರ್ ಕಣ್ಣು ತೆರೆದು ಏನಾಯಿತೆಂದು ಕೇಳಿದರು. ಏನೂ ಇಲ್ಲ ಎಂದೆ. ನನ್ನ ಕಾಲು ಕುಟ್ಟುವುದು ನಿಂತಿತ್ತು. ಮಗಳ ಫೋನ್ ಬಂತು. ಆ ದಿನ ಬಸ್ ಹತ್ತಿದೆ ಎಂದೂ ಹೇಳಲಿಲ್ಲ, ಎತ್ತಲೇ ಇಲ್ಲ.

ರೇಸ್ ಮುಗಿಯಲು ಇನ್ನು ಸ್ವಲ್ಪವೇ ಇತ್ತು. ಬಾವುಟದವನು ಮೆಟ್ಟಿಲು ಹತ್ತಿ ತನ್ನ ಕಟ್ಟೆಗೆ ಹೋಗುವುದನ್ನು ನೋಡಿದೆ. ಆಮೇಲೆ ಆದದ್ದನ್ನು ನಾನು ಕಂಡ ಕ್ರಮದಲ್ಲೇ ಹೇಳುತ್ತೇನೆ.

ಒಂದು ಬಿಳಿ ಕಾರು ಕೊನೆಯ ತಿರುವಿನಲ್ಲಿ ಮರಳಿನ ಮೇಲೆ ಹತ್ತಿ ಗಿರ್ರನೆ ತಿರುಗಿತು. ಹಿಂದೆ, ಸ್ವಲ್ಪ ದೂರದಲ್ಲಿ ವಾಲ್ಟಣ್ಣನ ಕಾರು ಇತ್ತು. ಅದು ಆಚೀಚೆ ಸರಿಯಲಿಲ್ಲ. ಬಿಳಿ ಕಾರಿನತ್ತಲೇ ನೇರ ಬಂತು. ಡಾಕ್ಟರ್ “ಯಾ ಅಲ್ಲಾಹ್” ಎಂದರು. ಯಾಕೆ ಹಾಗೆ ಬರುತ್ತಿದ್ದಾರೆಂದು ಆ ಇಡೀ ಮೈದಾನದಲ್ಲಿ ನನಗೂ ಸುಧಾಕರಣ್ಣನಿಗೂ ಮಾತ್ರ ಗೊತ್ತಿತ್ತು. ಅವರು ತಲುಪುವಾಗ ಬಿಳಿ ಕಾರು ಅಲ್ಲಿರಬಾರದಿತ್ತು. ಆದರೆ ಇಲ್ಲಿ ಬೋಗುಣಿಯ ಇಳಿಜಾರಿಲ್ಲ. ನೆಲ ಸಪಾಟು, ಅಂಚಿನಲ್ಲಿ ಮರಳು. ಬಿಳಿ ಕಾರಿನ ಹಿಂದಿನ ಚಕ್ರಗಳು ಮರಳಿನಲ್ಲಿ ಹೂತು ಅದು ಅಲ್ಲೇ ನಿಂತುಬಿಟ್ಟಿತು. ಕೊನೆಯ ಗಳಿಗೆಯಲ್ಲಿ ವಾಲ್ಟಣ್ಣ ಬಲಕ್ಕೆ ಎಳೆದರು. ಬಿಳಿ ಕಾರಿಗೆ ತಾಗಲಿಲ್ಲ. ಅವರ ಕಾರಿನ ಹಿಂಭಾಗ ಜಾರಿ, ಎಡ ಮೈ ಪೂರ್ತಿ ಕಾಂಕ್ರೀಟ್ ಗೋಡೆಗೆ ಬಡಿದು, ಅರ್ಧ ಸುತ್ತು ತಿರುಗಿ, ಕಿಟಕಿ ನಮ್ಮ ಕಡೆಗಾಗಿ ನಿಂತಿತು.

ಗುಡುಗು ನಿಂತಿತು. ಧೂಳು ಇಳಿಯುವವರೆಗೆ ಏನೂ ಕಾಣಲಿಲ್ಲ. ಆಮೇಲೆ ಕಪ್ಪು ಬಲೆ ಕಂಡಿತು. ಅದು ಮೇಲೇ ಇತ್ತು. ಕೊಂಡಿ ಅಲುಗಿತು, ಬಲೆ ಕೆಳಗೆ ಬಿತ್ತು.

“ಇಳಿಯಿತು! ಬಲೆ ಇಳಿಯಿತು ಬಾಯಮ್ಮ! ಖಲಾಸ್, ಏನೂ ಆಗಲಿಲ್ಲ ಅವರಿಗೆ” ಎಂದು ಸುಧಾಕರಣ್ಣ ಸ್ಟೇರಿಂಗಿಗೆ ಹೊಡೆದರು. ನಾನೂ ಹಾಗೆಯೇ ನಂಬಿದೆ.

ರೇಡಿಯೋದಲ್ಲಿ ಅಪ್ಪಣೆ ಬಂತು. ಬಿಳಿ ಕಾರಿನಿಂದ ಹೊಗೆ ಬರುತ್ತಿದೆ, ಮೊದಲು ಅಲ್ಲಿಗೆ ಹೋಗಿ. ಹೋದೆವು. ಹೊಗೆ ಎಂದರೆ ಬಿಸಿನೀರಿನ ಆವಿ. ಒಳಗಿದ್ದ ಯುವಕನಿಗೆ ಒಂದು ಗೀರೂ ಇರಲಿಲ್ಲ, ನಡುಗುತ್ತ ಅಳುತ್ತಿದ್ದ. ಡಾಕ್ಟರ್ ಅವನ ಕುತ್ತಿಗೆ ಮುಟ್ಟಿ ನೋಡುತ್ತಿದ್ದರು. ನಾನು ತಲೆಯೆತ್ತಿ ಆಚೆ ನೋಡಿದೆ. ಬಲೆ ಇಳಿದು ನೇತಾಡುತ್ತಿತ್ತು. ಆದರೆ ಕಿಟಕಿಯಿಂದ ಯಾರೂ ಹೊರಗೆ ಬರುತ್ತಿರಲಿಲ್ಲ. ಕಿಟಕಿಯ ಅಂಚಿನ ಮೇಲೆ ಒಂದು ಗ್ಲೌಸ್ ಹಾಕಿದ ಕೈ ಇತ್ತು. ಹೆಬ್ಬೆರಳು ಯಾವ ಬದಿಗಿದೆ ಎಂದು ನೋಡಿದೆ. ಅದು ಬಲಗೈ. ಎಡಗಡೆಯ ಕಿಟಕಿಯ ಬಲೆಯನ್ನು ಅವರು ಮೈ ತಿರುಚಿ ಬಲಗೈಯಿಂದ ಇಳಿಸಿದ್ದರು.

“ಡಾಕ್ಟರ್, ಆ ಕಾರು. ಈಗಲೇ” ಎಂದು ಓಡಿದೆ.

ಹೆಲ್ಮೆಟ್ಟಿನ ಒಳಗೆ ತುಟಿ ನೀಲಿಯಾಗಿತ್ತು. ಎಡ ಭುಜ ಇರಬೇಕಾದಲ್ಲಿ ಇರಲಿಲ್ಲ. ಬಲ ಎದೆ ಏಳುತ್ತಿತ್ತು, ಎಡ ಎದೆ ಏಳುತ್ತಿರಲಿಲ್ಲ. ಬಾಗಿಲಿಲ್ಲದ ಆ ಕಾರಿನಲ್ಲಿ, ಕಿಟಕಿಯಿಂದಲೇ ಒಳಗೆ ಬಗ್ಗಿ ಡಾಕ್ಟರ್ ಎದೆಗೆ ಸೂಜಿ ಚುಚ್ಚಿದರು. ಎದೆಯೊಳಗೆ ಕಟ್ಟಿಕೊಂಡು ಉಸಿರು ಒತ್ತುತ್ತಿದ್ದ ಗಾಳಿ ಹೊರಗೆ ಬಂದ ಸದ್ದು ಕೇಳಿತು. ಕೆಲವು ಉಸಿರುಗಳ ಮೇಲೆ ತುಟಿಯ ಬಣ್ಣ ಬದಲಾಯಿತು. ಅಷ್ಟು ಹೊತ್ತೂ ಸುಧಾಕರಣ್ಣ ನನ್ನ ಹಿಂದೆ ನಿಂತು, ಆ ಬಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, “ಬಲೆ ಇಳಿಯಿತಲ್ಲ? ಇಳಿಯಿತಲ್ಲ?” ಎಂದು ಕೇಳುತ್ತಲೇ ಇದ್ದರು.

ಎರಡು ದಿನ ಬಿಟ್ಟು ಆಸ್ಪತ್ರೆಗೆ ಹೋದೆವು. ನಾವು ಒಳಗೆ ಹೋದಾಗ ಫಾದಿ ಮಂಚದ ಪಕ್ಕದಲ್ಲಿ ಕೂತಿದ್ದ. ಕೆಟ್ಟವನೆಂದು ನಾನು ಹೇಳಲಾರೆ. ಅವನೂ ಎರಡು ದಿನ ನಿದ್ದೆ ಮಾಡಿದಂತೆ ಇರಲಿಲ್ಲ.

“ನೋಡು ವಾಲ್ಟ್. ಒಳಗೆ ಬರಲು ನೋಡಿದೆ, ಬ್ರೇಕ್ ಹಿಡಿಯಲಿಲ್ಲ, ಅಷ್ಟು ಹೇಳು. ಹಳೆಯ ಕಾರು, ಯಾರೂ ಮರುಮಾತಾಡುವುದಿಲ್ಲ. ನಿನಗೆ ಬರಬೇಕಾದ್ದು ಬರುತ್ತದೆ, ಟಿಕೆಟ್ಟೂ ಕೊಡಿಸುತ್ತೇನೆ. ಯಲ್ಲಾ, ಒಂದು ಮಾತು.”

ವಾಲ್ಟಣ್ಣನಿಗೆ ಉಸಿರು ಇನ್ನೂ ತುಂಡು ತುಂಡು. ನಿಧಾನವಾಗಿ ಹೇಳಿದರು.

“ಬ್ರೇಕ್ ಚೆನ್ನಾಗಿತ್ತು.”

“ಹಾಗಾದರೆ ವೈಬ್ರೇಷನ್ ಎನ್ನು. ಏನಾದರೂ ಎನ್ನು.”

“ಇಲ್ಲ. ಕಾರಿನಲ್ಲಿ ಏನೂ ತೊಂದರೆ ಇರಲಿಲ್ಲ. ನೀನು ಕೈ ಬೀಸಿದ್ದು ಕಂಡಿತು, ಮೂರು ಸಲವೂ. ನಾನು ಓಡಿಸುತ್ತಿದ್ದೆ.”

ಫಾದಿ ಎದ್ದ. ನನ್ನ ಕೈಯಲ್ಲಿ ಇನ್ನೇನೂ ಇಲ್ಲ ಎಂಬಂತೆ ಎರಡೂ ಅಂಗೈ ತೋರಿಸಿ ಹೊರಟುಹೋದ.

ಸುಧಾಕರಣ್ಣನಿಗೆ ತಡೆಯಲಾಗಲಿಲ್ಲ. “ಎಂತ ವಾಲ್ಟಣ್ಣ ನೀವು? ಎಷ್ಟು ವರ್ಷ ಹೇಳಿದ ಮಾತು. ಇನ್ನೊಂದು ಸಲ ಹೇಳಿದ್ದರೆ ನಾಲಿಗೆ ಸವೆಯುತ್ತಿತ್ತಾ?”

“ಅದೇ ಸೂಡ್. ಸವೆದಿದೆ.”

ಆಮೇಲೆ ನನ್ನ ಸರದಿ. ಎರಡು ದಿನದಿಂದ ಒಳಗೆ ಇಟ್ಟುಕೊಂಡಿದ್ದೆ. ನರ್ಸಿನ ಧ್ವನಿಯಲ್ಲೇ ಕೇಳಿದೆ. “ಉಸಿರು ಆಡುತ್ತಿರಲಿಲ್ಲ, ಭುಜ ಮುರಿದಿತ್ತು. ಯಾಕೆ ಬಲೆ ಇಳಿಸಿದಿರಿ? ನಾವು ನಂಬಿ ಬೇರೆ ಕಡೆ ಹೋದೆವು. ಇನ್ನು ಸ್ವಲ್ಪ ತಡವಾಗಿದ್ದರೆ?”

ಅವರು ಕಿಟಕಿಯ ಕಡೆ ನೋಡಿದರು, ಆಮೇಲೆ ನಮ್ಮಿಬ್ಬರನ್ನು ನೋಡಿದರು.

“ನೀವಿಬ್ಬರೂ ಅಲ್ಲಿ ಕೂತು ನೋಡುತ್ತಿದ್ದಿರಲ್ಲ.”

“ಅದೂ ಸುಳ್ಳೇ ಅಲ್ಲವಾ ವಾಲ್ಟಣ್ಣ?”

“ಹೌದು” ಎಂದರು. “ಅದೊಂದು ಇರಲಿ ಬಾಯಮ್ಮ.”

ಬೇಸಿಗೆಯ ಬಿಸಿಲು ಏರಿದ ಮೇಲೆ, ಕೈಯನ್ನು ಕುತ್ತಿಗೆಯ ಪಟ್ಟಿಯಲ್ಲಿ ನೇತುಹಾಕಿಕೊಂಡೇ ಅವರು ಊರಿಗೆ ಹೋದರು. ಟಿಕೆಟ್ಟನ್ನು ತಾವೇ ತೆಗೆದರು. ಏರ್‌ಪೋರ್ಟಿಗೆ ಬಿಟ್ಟುಬಂದ ಸುಧಾಕರಣ್ಣ, ದಾರಿಯುದ್ದಕ್ಕೂ ಲಾರಿಗಳಿಗೆ ಜಾಗ ಕೊಟ್ಟೆ ಎಂದರು. ನಾನು ಪರೀಕ್ಷೆ ಪಾಸು ಮಾಡಿ ಅಬುಧಾಬಿಗೆ ಬಂದೆ. ಆಮೇಲೆ ಅವರ ಸುದ್ದಿ ಇಲ್ಲ.

ಅಂಗಡಿಯವನು ಹೊಸ ಟಯರ್ ಕೂರಿಸಿ ಜಾಕ್ ಇಳಿಸಿದ. ಫೋನ್ ಮತ್ತೆ ಹೊಡೆಯಿತು. ಕೈ ಇನ್ನೂ ನಡುಗುತ್ತಿತ್ತು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಎತ್ತಿದೆ.

“ಮಮ್ಮಾ, ವೇರ್ ಆರ್ ಯು? ಎಷ್ಟು ಸಲ ಕಾಲ್ ಮಾಡಿದೆ! ಈಸ್ ಎವ್ರಿಥಿಂಗ್ ಓಕೆ?”

“ಇಲ್ಲೇ ಮನೆಯ ಹತ್ತಿರ ಇದ್ದೇನೆ ಮಗಾ. ಟಯರ್ ಹಳೆಯದಾಗಿತ್ತು, ಬದಲಿಸಿಕೊಂಡು ಬರುವ ಎಂದು ನಿಂತೆ.”

“ಶ್ಯೂರ್?”

“ಹೌದು. ಅನ್ನಕ್ಕೆ ಇಡು. ನನಗೆ ಏನೂ ಆಗಿಲ್ಲ.”